ಹಣೆಬೊಟ್ಟಿನ ಆಡು ಯಾಕೆ ಬದುಕುತ್ತದೆ

ನನ್ನ ಅಕ್ಕ ನರಗುಂದದ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ. ನಾನು ರೋಣದಲ್ಲಿ ನೀರೆತ್ತುವ ಪಂಪು, ಮೋಟಾರುಗಳ ಅಂಗಡಿ ಇಟ್ಟುಕೊಂಡಿದ್ದೇನೆ. ಅವಳಿಗೆ ಗಾಡಿ ಹೊಡೆಯಲು ಬರುವುದಿಲ್ಲ, ಕಲಿಯುವ ಮನಸ್ಸೂ ಇಲ್ಲ. ಹಾಗಾಗಿ ಅವಳ ವಿಜ್ಞಾನಕ್ಕೆ ನಾನೇ ಸಾರಥಿ. ಭಾನುವಾರ ಬೆಳಿಗ್ಗೆ ಬಸ್ಸಿಳಿದು ಬಂದು ಅಂಗಡಿಯ ಮುಂದೆ ನಿಂತು, "ತಮ್ಮಾ, ಗಾಡಿ ತಗಿ" ಎಂದಳೆಂದರೆ ಅವತ್ತಿನ ವ್ಯಾಪಾರಕ್ಕೆ ಎಳ್ಳುನೀರು. ನಾನು ಗೊಣಗುತ್ತೇನೆ. ನನ್ನ ಗೊಣಗಾಟವನ್ನು ಅವಳು ಸ್ಕೂಟರಿನ ಸದ್ದಿನ ಜೊತೆ ಸೇರಿಸಿಬಿಟ್ಟಿದ್ದಾಳೆ, ಕೇಳಿಸಿಕೊಳ್ಳುವುದಿಲ್ಲ.

ಒಮ್ಮೆ ಅವಳ ಕಾಲೇಜಿನ ಬೋರಿನ ಮೋಟಾರು ಸುಟ್ಟಾಗ ರಿಪೇರಿಗೆ ಹೋಗಿದ್ದೆ. ಕಿಟಕಿಯ ಆಚೆ ನಿಂತು ಅವಳ ಪಾಠ ಕೇಳಿದೆ. ಹಲಗೆಯ ಬಲಮೂಲೆಯಲ್ಲಿ ಒಂದು ಚೌಕ ಬರೆದು ಅದರ ಮೇಲೆ 'ಏನು ಕಂಡರೆ ನಾನು ತಪ್ಪು?' ಎಂದು ಬರೆದಿದ್ದಳು. ಯಾವ ಪ್ರಯೋಗವೇ ಇರಲಿ, ಮೊದಲು ಆ ಚೌಕ ತುಂಬಬೇಕು. ಮೊಳಕೆಗೆ ಬೆಳಕು ಬೇಕು ಎನ್ನುವೆಯಾ, ಹಾಗಿದ್ದರೆ ಏನು ಕಂಡರೆ ನಿನ್ನ ಮಾತು ಸುಳ್ಳಾಗುತ್ತದೆ, ಅದನ್ನು ಮೊದಲು ಹೇಳು. ಹೇಳಲು ಬಾರದಿದ್ದರೆ ನಿನ್ನ ಮಾತು ಇನ್ನೂ ಹಸಿ, ಹೋಗಿ ಬೇಯಿಸಿಕೊಂಡು ಬಾ. ಮಕ್ಕಳು ನಗುತ್ತಿದ್ದರು, ಆದರೆ ಚೌಕ ತುಂಬುತ್ತಿದ್ದರು. ನನ್ನ ಅಂಗಡಿಗೆ ಬರುವವರಿಗೂ ಯಾರಾದರೂ ಇದನ್ನು ಕಲಿಸಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಪಂಪು ನೀರೆತ್ತದಿದ್ದರೆ ವೈರು, ಕೆಪಾಸಿಟರು, ಫುಟ್‌ವಾಲ್ವು ಎಲ್ಲವನ್ನೂ ಒಟ್ಟಿಗೆ ಬದಲಿಸಿ, ಕಡೆಗೆ ಮೋಟಾರಿಗೆ ಹಾಕಿದ ಹೂವಿನ ಹಾರದಿಂದಲೇ ನೀರು ಬಂತು ಎನ್ನುವ ಜನ ನಾವು.

ಅಕ್ಕನಿಗೆ ಹೆಸರು ತಂದಿದ್ದು ಮಾತ್ರ ಇನ್ನೊಂದು ಪಾಠ. ಜೀವಿಗಳು ತಲೆಮಾರಿನಿಂದ ತಲೆಮಾರಿಗೆ ಹೇಗೆ ಬದಲಾಗುತ್ತವೆ ಎಂಬ ಪಾಠಕ್ಕೆ ಉಳಿದವರು ಪುಸ್ತಕದ ಚಿತ್ರ ತೋರಿಸುತ್ತಾರೆ. ಅಕ್ಕ ನಮ್ಮೂರು ಲಕ್ಕಲಕಟ್ಟಿಯ ಆಡುಗಳನ್ನು ತೋರಿಸುತ್ತಿದ್ದಳು. ನಮ್ಮ ಕಡೆಯ ಕರಿ ಆಡುಗಳಲ್ಲಿ ಕೆಲವಕ್ಕೆ ಹಣೆಯ ಮೇಲೆ ಬಿಳಿ ಬೊಟ್ಟು ಇರುತ್ತದೆ. ಯಾವ ಮನೆಗೆ ಹೋದರೂ ಮುದಿ ಆಡುಗಳನ್ನು ನೋಡಿ, ಹೆಚ್ಚಿನವಕ್ಕೆ ಬೊಟ್ಟು ಇದ್ದೇ ಇರುತ್ತದೆ. ವರ್ಷದಿಂದ ವರ್ಷಕ್ಕೆ ಬೊಟ್ಟಿನ ಮರಿಗಳೂ ಹೆಚ್ಚಾಗುತ್ತಿವೆ. ಇದು ಕಣ್ಣಿಗೆ ಕಾಣುವ ಸತ್ಯ, ಯಾರೂ ಅಲ್ಲಗಳೆಯುವಂತಿಲ್ಲ. ಅಕ್ಕನ ವಿವರಣೆ ಹೀಗಿತ್ತು: ಮಳೆಗಾಲದ ಹೊಟ್ಟೆಹುಳವನ್ನು ತಡೆಯುವ ಶಕ್ತಿ ಮತ್ತು ಈ ಬೊಟ್ಟು, ಎರಡೂ ತಾಯಿಯಿಂದ ಮರಿಗೆ ಜೊತೆಯಾಗಿ ಬರುತ್ತವೆ. ಬೊಟ್ಟಿಲ್ಲದವು ಬೇಗ ಸಾಯುತ್ತವೆ, ಬೊಟ್ಟಿನವು ಬದುಕಿ ಹೆಚ್ಚು ಈಯುತ್ತವೆ. ಹಾಗಾಗಿ ಬೊಟ್ಟು ಹೆಚ್ಚಿತು. ಆರಿಸಿದ್ದು ನಿಸರ್ಗ.

ಎಂಥ ಚಂದದ ಪಾಠ. ಹಳ್ಳಿಯ ಮಕ್ಕಳು ಮನೆಗೆ ಹೋಗಿ ತಮ್ಮ ಆಡಿನ ಹಣೆ ನೋಡಿ, ವಿಕಾಸವಾದ ತಮ್ಮ ಕೊಟ್ಟಿಗೆಯಲ್ಲೇ ಇದೆ ಎಂದು ಹಿಗ್ಗುತ್ತಿದ್ದರು. ಬೇರೆ ಕಾಲೇಜಿನ ಮಾಸ್ತರರು ಅದನ್ನು ಕಡ ತೆಗೆದುಕೊಂಡು ಹೇಳುತ್ತಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ವಿದ್ಯಾರ್ಥಿಗಳು ಸಿಕ್ಕರೆ ಅವಳ ಹೆಸರಿಗಿಂತ ಮೊದಲು ಆಡಿನ ನೆನಪು ತೆಗೆಯುತ್ತಿದ್ದರು. ಆ ದಿನಗಳಲ್ಲಿ, ರೋಣದಲ್ಲಿ ನಡೆಯಲಿದ್ದ ವಿಜ್ಞಾನ ಮಾಸ್ತರರ ಸಭೆಯಲ್ಲಿ ಅದೇ ಪಾಠವನ್ನು ಎಲ್ಲರಿಗೂ ಮಾಡಿ ತೋರಿಸಬೇಕೆಂದು ಅವಳಿಗೆ ಕರೆ ಬಂದಿತ್ತು. ಅಕ್ಕ ಹೊರಗೆ ತೋರಿಸಿಕೊಳ್ಳಲಿಲ್ಲ, ಆದರೆ ಹೊಸ ಇಳಕಲ್ ಸೀರೆಗೆ ಫಾಲ್ ಹಚ್ಚಿಸಲು ನನ್ನ ಹೆಂಡತಿಯ ಕೈಯಲ್ಲಿ ಕೊಟ್ಟಳು. ಅಷ್ಟರಲ್ಲೇ ನಮಗೆಲ್ಲ ತಿಳಿಯಿತು.

ಆ ಮಳೆಗಾಲದಲ್ಲಿ ಒಂದು ಭಾನುವಾರ ಇಬ್ಬರೂ ಲಕ್ಕಲಕಟ್ಟಿಗೆ ಹೋದೆವು. ಅಲ್ಲಿ ಅಣ್ಣನ ಸಂಸಾರದ ಜೊತೆ ಅವ್ವ ಇದ್ದಾಳೆ. ಹೊಲ ಅಣ್ಣನದು, ಆಡುಗಳ ರಾಜ್ಯಭಾರ ಅವ್ವನದು. ನಾವು ಹೋದ ದಿನ ಬೆಳಿಗ್ಗೆಯೇ ಒಂದು ಬೊಟ್ಟಿನ ಮರಿ ಸತ್ತಿತ್ತು. ಹೊಟ್ಟೆ ಉಬ್ಬಿ, ಭೇದಿಯಾಗಿ, ಹೊಟ್ಟೆಹುಳದ ಎಲ್ಲ ಲಕ್ಷಣ ತೋರಿಸಿ ಸತ್ತಿತ್ತು.

"ದೇವಿ ಮನಸಿಗೆ ಬಂದಿತ್ತು, ಕರಕೊಂಡ್ಲು," ಎಂದಳು ಅವ್ವ. ಬೊಟ್ಟಿನ ಆಡುಗಳನ್ನು ದೇವಿ ಕಾಯುತ್ತಾಳೆ ಎಂಬುದು ಅವ್ವನ ನಂಬಿಕೆ. ಬದುಕಿದರೆ ಕಾಯ್ದಳು, ಸತ್ತರೆ ಕರೆದುಕೊಂಡಳು.

ಅಕ್ಕ ಮರಿಯನ್ನು ಬಗ್ಗಿ ನೋಡಿ, "ಇದು ಅವಳಿ ಮರಿ ಅಲ್ಲೇನವ್ವ? ಹುಟ್ಟಿದಾಗಿಂದ ಸಣಕಲಾ ಇತ್ತು. ಇದನ್ನ ಲೆಕ್ಕಕ್ಕ ಹಿಡೀಬಾರ್ದು," ಎಂದಳು.

ನನಗೆ ನಗು ತಡೆಯಲಾಗಲಿಲ್ಲ. "ಇಬ್ರೂ ಒಂದ ಮಾತು ಹೇಳಿದ್ರಲ್ಲ," ಎಂದೆ. "ಅವ್ವ ದೇವೀನ್ನ ಬಿಟ್ಟುಕೊಡಲಿಲ್ಲ, ನೀ ನಿನ್ನ ಪಾಠ ಬಿಟ್ಟುಕೊಡಲಿಲ್ಲ. ಸತ್ತಿದ್ದು ಮರಿ ಒಂದ."

ಚುಚ್ಚಬೇಕೆಂದು ಅಂದ ಮಾತಲ್ಲ, ಅಕ್ಕನನ್ನು ಕೆಣಕುವುದು ನನ್ನ ಚಟ. ಅವಳು ಯಾವಾಗಲೂ ಎರಡು ಮಾತು ತಿರುಗಿ ಅನ್ನುತ್ತಾಳೆ. ಅವತ್ತು ಮಾತ್ರ ಊಟಕ್ಕೆ ಕುಳಿತಾಗ ಅತ್ತಿಗೆ ಹಾಕಿದ ರೊಟ್ಟಿಯನ್ನು ಮುರಿದು ಮುರಿದು ತಾಟಿನಲ್ಲೇ ಗುಡ್ಡೆ ಹಾಕಿದಳು. ಬದನೆಕಾಯಿ ಪಲ್ಯ ಅವಳಿಗೆ ಜೀವ, ಅದನ್ನೂ ಮುಟ್ಟಲಿಲ್ಲ.

ಊಟ ಮುಗಿಸಿ ಹೊರಗೆ ಬಂದರೆ ಅವ್ವ ಹೊಸದಾಗಿ ಹುಟ್ಟಿದ ಇನ್ನೊಂದು ಬೊಟ್ಟಿನ ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಕಿವಿಗೆ ಅರಿಶಿನ ಹಚ್ಚುತ್ತಿದ್ದಳು. ಇದು ನಮ್ಮ ಕಡೆಯ ರೂಢಿ. ಬೊಟ್ಟಿನ ಮರಿ ಹುಟ್ಟಿದರೆ ಅದು ದೇವಿಯ ಹರಕೆಯದು. ಅದನ್ನು ಸಂತೆಗೆ ಒಯ್ಯುವಂತಿಲ್ಲ, ಕೊಯ್ಯುವಂತಿಲ್ಲ, ಹೋತವಾದರೆ ಬೀಜ ಒಡೆಸುವಂತಿಲ್ಲ. ಸಾಯುವ ತನಕ ಮನೆಯಲ್ಲೇ ಇರುತ್ತದೆ. ಬೊಟ್ಟಿಲ್ಲದವು ಕೊಬ್ಬಿದ ಕೂಡಲೇ ಸಂತೆಗೆ.

ಅಕ್ಕ ನೋಡುತ್ತಾ ನಿಂತಳು. "ತಮ್ಮಾ, ಇದನ್ನ ನಾವು ಮಾರಂಗಿಲ್ಲ ಅಲ್ಲ?" ಎಂದಳು.

"ನಿನಗ ಗೊತ್ತಿಲ್ಲೇನು? ಹುಟ್ಟಿದಾಗಿಂದ ನೋಡಾಕತ್ತೀದಿ."

"ಗೊತ್ತಿತ್ತು. ಲೆಕ್ಕಕ್ಕ ಹಿಡಿದಿದ್ದಿಲ್ಲ."

ಬೊಟ್ಟಿನ ಆಡು ಮುದಿಯಾಗುವುದು ಗಟ್ಟಿಮುಟ್ಟಾದ್ದರಿಂದಲೋ, ಅಥವಾ ಕಟುಕನ ಕೈಗೆ ಸಿಗದ್ದರಿಂದಲೋ? ಬೊಟ್ಟೂ ಆಯುಷ್ಯವೂ ಕೈಕೈ ಹಿಡಿದು ಬರುತ್ತವೆ, ನಿಜ. ಆದರೆ ಒಂದು ಇನ್ನೊಂದಕ್ಕೆ ಕಾರಣ ಎಂದು ಹೇಳಿದವರು ಯಾರು? ನಮ್ಮ ಮನೆಯ ಹೊಸ್ತಿಲನ್ನು ನಾವು ದಾಟುತ್ತೇವೆಯೇ ಹೊರತು ನೋಡುವುದಿಲ್ಲ. ಈ ರೂಢಿಯೂ ಅಷ್ಟು ಒಳಗಿನದಾಗಿತ್ತು. ಹೊರಗಿನವರು ಬಂದಿದ್ದರೆ ಮೊದಲ ದಿನವೇ ಕೇಳುತ್ತಿದ್ದರು. ಈ ತಪ್ಪನ್ನು ಮಾಡಲು ಲಕ್ಕಲಕಟ್ಟಿಯಲ್ಲೇ ಹುಟ್ಟಿರಬೇಕಿತ್ತು.

ಮುಂದಿನ ಭಾನುವಾರ ಅಕ್ಕ ಬಸ್ಸಿಳಿದವಳೇ, "ಗಜೇಂದ್ರಗಡಕ್ಕ ಹೋಗೂಣು," ಎಂದಳು. ಅಲ್ಲಿ ನಮ್ಮ ಅಪ್ಪನ ಸಂತೆಯ ಗೆಳೆಯರೊಬ್ಬರು ಇದ್ದಾರೆ. ನಾವು ಚಾಚಾ ಎನ್ನುತ್ತೇವೆ. ಬಕ್ರೀದಿಗೆಂದು ಆಡು ಸಾಕಿ ಮಾರುವುದು ಅವರ ಮನೆತನದ ಕೆಲಸ. ತಳಿ ಅದೇ ಕರಿ ಆಡು, ಅವರ ತಂದೆ ನಮ್ಮ ಅಜ್ಜನ ಹಿಂಡಿನಿಂದಲೇ ಕೊಂಡು ಒಯ್ದದ್ದು.

ಊರು ದಾಟಿದ ಮೇಲೆ ಅಕ್ಕ ನನ್ನ ಬೆನ್ನು ತಟ್ಟಿ ಗಾಡಿ ನಿಲ್ಲಿಸಲು ಹೇಳಿದಳು. ಎರೆ ಹೊಲದ ಬದುವಿನ ಪಕ್ಕ ನಿಂತೆವು. ದೂರದಲ್ಲಿ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು.

"ನೋಡು, ಚಾಚಾರ ಮನ್ಯಾಗ ಹರಕಿ ಇಲ್ಲ. ಅಲ್ಲೂ ಮುದಿ ಆಡಿಗೆಲ್ಲ ಬೊಟ್ಟಿದ್ರ ನನ್ನ ಪಾಠ ಉಳೀತು. ಇಲ್ಲಂದ್ರ ಬಿತ್ತು. ಈಗ ಹೇಳೇನಿ. ನೋಡಿದ ಮ್ಯಾಲೆ ನಾ ಮಾತು ತಿರುವಬಾರ್ದು, ನೀನ ಸಾಕ್ಷಿ."

"ಅದನ್ನ ಹೇಳಾಕ ಗಾಡಿ ಯಾಕ ನಿಂದರಸಬೇಕಿತ್ತು?"

"ಗಾಳಿಗೆ ನಿನಗ ಸರಿ ಕೇಳಂಗಿಲ್ಲ. ಆಮ್ಯಾಲೆ ಕೇಳಿಲ್ಲ ಅಂತಿ."

ಇಷ್ಟು ವರ್ಷ ಮಕ್ಕಳಿಂದ ತುಂಬಿಸಿದ ಚೌಕವನ್ನು ತನ್ನ ಆಡಿನ ಪಾಠಕ್ಕೆ ಅವಳು ಒಮ್ಮೆಯೂ ತುಂಬಿರಲಿಲ್ಲ. ಅವತ್ತು ರಸ್ತೆಯ ಬದಿಗೆ ನಿಂತು ತುಂಬಿದಳು. ಆ ಗಳಿಗೆಯಲ್ಲಿ ನನಗೆ ಅವಳ ಮೇಲೆ ಉಕ್ಕಿದ ಪ್ರೀತಿಯನ್ನು ಹೇಗೆ ಹೇಳಲಿ. ಗಾಡಿಗೆ ಕಿಕ್ ಹೊಡೆದೆ, ಅಷ್ಟೇ.

ಚಾಚಾ ಬಾಗಿಲಲ್ಲೇ ನಿಂತಿದ್ದರು. "ಬಾ ಮಗಳ, ಭಾಳ ದಿನಕ್ಕ ಬಂದಿ," ಎಂದು ಒಳಗೆ ಕರೆದು ಚಹಾ ತರಿಸಿದರು. ಅಕ್ಕ ಚಹಾ ಅರ್ಧಕ್ಕೇ ಬಿಟ್ಟು ಹಿತ್ತಲಿಗೆ ಹೋಗಿ ಆಡುಗಳ ನಡುವೆ ನಿಂತಳು. ಮುದಿ ಆಡುಗಳ ಬಾಯಿ ತೆರೆದು ಹಲ್ಲು ನೋಡಿದಳು, ಆಮೇಲೆ ಹಣೆ ನೋಡಿದಳು. ಒಂದಕ್ಕೂ ಬೊಟ್ಟಿರಲಿಲ್ಲ. ಮರಿಗಳಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ಬೊಟ್ಟು ಕಾಣುತ್ತಿತ್ತು.

"ಚಾಚಾ, ಬೊಟ್ಟಿನವು ದೊಡ್ಡವು ಒಂದೂ ಇಲ್ಲಲ್ರಿ?"

"ಚಾಂದ್ ಇದ್ದವೇನು? ಅವು ನಾಜೂಕು, ಮಗಳ. ಬಾಳಿಕಿ ಬರಂಗಿಲ್ಲ. ಸಾದಾ ಆಡು ನೋಡು, ಕಲ್ಲಿದ್ದಂಗ ಇರ್ತಾವ. ನಮ್ಮ ಅಬ್ಬಾನೂ ಹಂಗ ಹೇಳ್ತಿದ್ರು."

"ಅವು ಜಡ್ಡು ಬಂದು ಸಾಯ್ತಾವೇನ್ರಿ?"

ಚಾಚಾ ಗಡ್ಡ ನೀವಿಕೊಂಡು ಯೋಚಿಸಿದರು. "ಜಡ್ಡು ಅಂತಲ್ಲ. ಹಣೀ ಮ್ಯಾಲೆ ಚಂದ್ರ ಮೂಡಿದಂಗ ಚಾಂದ್ ಕಂಡ್ರ ಶುಭ ಅಂತ ಗಿರಾಕಿ ಬಿಡಂಗಿಲ್ಲ ನೋಡು. ಗಂಡಿರಲಿ, ಹೆಣ್ಣಿರಲಿ, ಹಬ್ಬಕ್ಕ ಮೊದಲ ಅವ ಹೋಗ್ತಾವ." ಹೇಳಿ ಮುಗಿಸಿದ ಮೇಲೆ ತಮ್ಮ ಮಾತು ತಮಗೇ ಕೇಳಿಸಿದಂತಾಗಿ ಮೆಲ್ಲಗೆ, "ಉಳಿದ್ರ ತಾನ ಬಾಳಿಕಿ ಬರೋದು," ಎಂದರು.

ಅಕ್ಕ ನಗಲು ಶುರುಮಾಡಿದಳು. ಚಾಚಾರೂ ನಕ್ಕರು. ಅದೇ ತಳಿ, ಅದೇ ಬೊಟ್ಟು. ಲಕ್ಕಲಕಟ್ಟಿಯಲ್ಲಿ ಗಟ್ಟಿ, ಗಜೇಂದ್ರಗಡದಲ್ಲಿ ನಾಜೂಕು. ಎರಡೂ ಊರಿನವರು ಕಣ್ಣಾರೆ ಕಂಡದ್ದನ್ನೇ ಹೇಳಿದ್ದರು. ಯಾರೂ ಸುಳ್ಳು ಹೇಳಿರಲಿಲ್ಲ.

ಹಿಂದಿರುಗಿ ಬರುವಾಗ ನಗು ಇಳಿದುಹೋಗಿತ್ತು. ಬೆನ್ನ ಹಿಂದೆ ಅವಳು ಮೂಗು ಏರಿಸುವುದು ಕೇಳಿಸಿತು. ಅಳುತ್ತಿದ್ದಾಳೆಂದು ತಿಳಿಯಿತು. ಸಭೆ ಹತ್ತಿರ ಬಂದಿತ್ತು. ನನಗೆ ಸಂಕಟವಾಗಿ, "ಅಕ್ಕಾ, ಗಜೇಂದ್ರಗಡದ ಮೇವು ಬ್ಯಾರೆ, ಅಲ್ಲಿ ಹುಳದ ಕಾಟ ಇಲ್ಲ ಅಂತ ಹೇಳಿಬಿಡು. ಯಾರಿಗೆ ಗೊತ್ತಾಗ್ತೈತಿ?" ಎಂದೆ.

"ಹಂಗ ಅಂದ್ರ ಅವ್ವಗೂ ನನಗೂ ಏನ್ ಫರಕ್ ಉಳೀತೋ?" ಎಂದಳು. "ಸತ್ತ ಮರಿಗೆ ಒಂದು ನೆವ, ಚಾಚಾರ ಹಿಂಡಿಗೆ ಒಂದು ನೆವ. ಹಿಂಗ ನೆವ ಹೇಳ್ತಾ ಹೋದ್ರ ನನ್ನ ಮಾತನ್ನ ಯಾರೂ ಸುಳ್ಳ ಮಾಡಾಕ ಆಗಂಗಿಲ್ಲ. ಯಾರೂ ಸುಳ್ಳ ಮಾಡಾಕ ಆಗದ ಮಾತಿಂದ ನನಗೇನು ತಿಳದಂಗಾತು?"

ಆದರೂ ಅದೃಷ್ಟ ಅವಳನ್ನು ಇನ್ನೊಮ್ಮೆ ಕೆಣಕಿತು. ಅದೇ ವಾರ ಮಲಪ್ರಭೆ ಉಕ್ಕಿ ಹೊಳೆಮಣ್ಣೂರಿಗೆ ನೀರು ಬಂತು. ಅಲ್ಲಿಯ ಒಬ್ಬ ವಿದ್ಯಾರ್ಥಿನಿ ಫೋನು ಮಾಡಿ, ಹಿಂಡಿನಲ್ಲಿ ಬೊಟ್ಟಿಲ್ಲದ ಆಡುಗಳು ಎಷ್ಟೋ ಕೊಚ್ಚಿಹೋದವು, ಬೊಟ್ಟಿನವು ಎಲ್ಲವೂ ಉಳಿದವು, ನಿಮ್ಮ ಪಾಠವೇ ಖರೆ ಮೇಡಂ ಎಂದಳು. ನಾನು ಪಕ್ಕದಲ್ಲೇ ಇದ್ದೆ. ಅಕ್ಕನ ಕಣ್ಣಲ್ಲಿ ಒಂದು ಗಳಿಗೆ ಆಸೆ ಮಿನುಗಿದ್ದನ್ನು ನೋಡಿದೆ. ಅಲ್ಲಿಗೇ ಫೋನಿಟ್ಟಿದ್ದರೆ ಪಾಠವೂ ಉಳಿಯುತ್ತಿತ್ತು, ಇಳಕಲ್ ಸೀರೆಗೂ ಕೆಲಸವಿರುತ್ತಿತ್ತು.

ಇಡಲಿಲ್ಲ. "ನೀವೆಲ್ಲ ಆರಾಮ ಅದೀರೇನವಾ?" ಎಂದು ಮೊದಲು ಕೇಳಿದಳು. ಆಮೇಲೆ, "ನೀರು ಬಂದಾಗ ಟ್ರ್ಯಾಕ್ಟರಿಗೆ ಮೊದಲ ಯಾವ ಆಡು ಹತ್ತಿಸಿದ್ರಿ?" ಎಂದಳು.

"ಹರಕೀವ್ರಿ ಮೇಡಂ. ಅಜ್ಜಿ ಅವನ್ನ ಬಿಟ್ಟು ಬರಂಗಿಲ್ಲ ಅಂತ ಕುಂತಿದ್ಲು."

ಅಕ್ಕ ಫೋನಿಟ್ಟು ನನ್ನನ್ನು ನೋಡಿ ತಲೆಯಾಡಿಸಿದಳು. ಆ ಹುಡುಗಿಯ ಮನೆಗೆ ಜೋಳ, ಬಟ್ಟೆ ಕಳಿಸುವ ಏರ್ಪಾಟಿಗೆ ತೊಡಗಿದಳು, ಆಡಿನ ಮಾತು ಮತ್ತೆ ಎತ್ತಲಿಲ್ಲ.

ಸಭೆಯ ದಿನ ನಾನು ಅಂಗಡಿ ಮುಚ್ಚಿ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆ. ಅಧ್ಯಕ್ಷರು ಆಡಿನ ಪಾಠವನ್ನು ಹೊಗಳಿ ಅವಳನ್ನು ಕರೆದರು. ಇಳಕಲ್ ಸೀರೆ ಉಟ್ಟೇ ಬಂದಿದ್ದಳು. ಹಲಗೆಯ ಮೇಲೆ ಚೌಕ ಬರೆದು, "ನಾನು ಇಷ್ಟು ವರ್ಷ ಕಲಿಸಿದ ಆಡಿನ ಪಾಠ ತಪ್ಪು. ಹೇಗೆ ತಪ್ಪಾಯಿತು ಎನ್ನುವುದೇ ಇವತ್ತಿನ ಪಾಠ," ಎಂದು ಆರಂಭಿಸಿದಳು. ಮುಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ಅವಳ ಪಾಠವನ್ನು ಕಡ ತೆಗೆದುಕೊಂಡವರು ಅಲ್ಲೇ ಕುಳಿತಿದ್ದರು, ಅವರಿಗೂ ಬಿಸಿ ತಾಕಿತು. ಅವಳು ಸತ್ತ ಮರಿಯನ್ನು ಹೇಳಿದಳು, ತಾನು ಹೇಳಿದ ನೆವವನ್ನೂ ಹೇಳಿದಳು, ಅರಿಶಿನದ ಕಿವಿ, ಚಾಚಾರ ಹಿತ್ತಲು, ಟ್ರ್ಯಾಕ್ಟರು, ಒಂದನ್ನೂ ಮುಚ್ಚಿಡಲಿಲ್ಲ.

ಒಬ್ಬ ಹಿರಿಯ ಮಾಸ್ತರರು ಎದ್ದು ನಿಂತರು. "ಹಂಗಾರ ವಿಕಾಸವಾದ ಸುಳ್ಳಾತೇನ್ರಿ ಮೇಡಂ? ಹುಡುಗರಿಗೆ ನಾವೇನ್ ಹೇಳೂಣು?"

"ಇಲ್ರಿ ಸರ," ಎಂದಳು ಅಕ್ಕ. "ಹಿಂಡು ಬದಲಾಗಿದ್ದು ಖರೆ. ನಮ್ಮೂರಾಗ ಬೊಟ್ಟು ಹೆಚ್ಚಾತು, ಯಾಕಂದ್ರ ಬೊಟ್ಟಿನ ಹೋತ ಉಳೀತಾವ, ಅವುಗಳ ಮರಿ ಹೆಚ್ಚಾಗ್ತಾವ. ಗಜೇಂದ್ರಗಡದಾಗ ಕಡಿಮಿ ಆತು. ಆರಿಸಿದವರು ಯಾರು ಅನ್ನೂದ್ರಾಗ ನಾ ತಪ್ಪಿದೆ. ಹುಳ ಆರಿಸಿದ್ದಲ್ರಿ, ನಮ್ಮ ಹರಕಿ ಆರಿಸಿದ್ದು, ಹಬ್ಬ ಆರಿಸಿದ್ದು. ಹಿಂಗ ನಾ ಈಗ ತಿಳಕೊಂಡೇನಿ. ಇದೂ ತಪ್ಪಿರಬಹುದು."

ನಂತರ ಚೌಕದೊಳಗೆ ಬರೆದಳು: ಹರಕೆಯೂ ಇಲ್ಲದ, ಬೊಟ್ಟು ನೋಡಿ ಕೊಳ್ಳುವ ಗಿರಾಕಿಯೂ ಇಲ್ಲದ ಮನೆಯಲ್ಲಿ ಮುದಿ ಆಡುಗಳಲ್ಲಿ ಬೊಟ್ಟಿನವೇ ಹೆಚ್ಚಿದ್ದರೆ ನನ್ನ ಹೊಸ ಮಾತೂ ತಪ್ಪು. "ನಿಮ್ಮ ಊರಾಗ ಅಂಥಾ ಮನಿ ಇದ್ರ ನೋಡ್ರಿ. ಕಂಡ್ರ ನನಗ ಹೇಳ್ರಿ," ಎಂದಳು. ಹೇಳುವಾಗ ಕೈಮುಗಿದಳು. ಚಪ್ಪಾಳೆ ಅಷ್ಟೇನೂ ಬರಲಿಲ್ಲ. ಚಹಾ ಕುಡಿಯುವಾಗ ಕೆಲವರು ಅವಳಿಂದ ದೂರ ನಿಂತಿದ್ದರು. ನನಗೆ ಮಾತ್ರ ನನ್ನ ಅಕ್ಕ ಅವತ್ತು ಕಂಡಷ್ಟು ಎತ್ತರವಾಗಿ ಎಂದೂ ಕಂಡಿರಲಿಲ್ಲ, ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ.

ಅವ್ವನಿಗೆ ವಿಷಯ ತಿಳಿದಾಗ ಅವಳು ಬೇಸರಪಟ್ಟುಕೊಳ್ಳಲಿಲ್ಲ. "ಹರಕಿ ಉಳಿಸ್ತು ಅಂದ್ಯಲ್ಲ, ನಾನೂ ಅದನ್ನ ಹೇಳ್ತಿದ್ದೆ," ಎಂದಳು.

ಕೆಲವು ವಾರಗಳ ಮೇಲೆ ಅವ್ವ ಕಣ್ಣಿನ ದವಾಖಾನೆಗೆಂದು ನಮ್ಮ ಮನೆಗೆ ಬಂದಿದ್ದಳು. ಅಕ್ಕನೂ ಬಂದಿದ್ದಳು. ಊಟದ ನಡುವೆ ಅಕ್ಕನ ಫೋನು ರಿಂಗಾಯಿತು. ಸಭೆಗೆ ಬಂದಿದ್ದ, ಯಾವಗಲ್ ಊರಿನ ಒಬ್ಬ ಮಾಸ್ತರರು. ಎಡಗೈಯಲ್ಲಿ ಹಿಡಿದು ಎಲ್ಲರಿಗೂ ಕೇಳುವಂತೆ ಜೋರು ಮಾಡಿದಳು.

"ಮೇಡಂ, ತಪ್ಪು ತಿಳೀಬ್ಯಾಡ್ರಿ. ಇಲ್ಲೊಂದು ಮನ್ಯಾಗ ಹರಕಿ ನಿಲ್ಲಿಸಿ ಭಾಳ ವರ್ಷ ಆಗ್ಯಾವ. ಹಾಲಿಗಂತ ಸಾಕ್ತಾರ, ಮಾರೂದು ಕಡಿಮಿ. ಮುದಿ ಆಡು ನೋಡಿದ್ರ ಬೊಟ್ಟಿನವ ಜಾಸ್ತಿ ಅದಾವ್ರಿ. ನಿಮ್ಮ ಮಾತು ತಪ್ಪು ಅನಸ್ತೈತಿ."

ನನಗೆ ರೇಗಿತು. ಒಮ್ಮೆ ಎಲ್ಲರೆದುರು ತಪ್ಪೊಪ್ಪಿಕೊಂಡವಳನ್ನು ಮತ್ತೆ ಯಾಕೆ ಎಳೆಯಬೇಕು? ಅಕ್ಕನ ಮುಖ ನೋಡಿದೆ. ಎಷ್ಟೋ ದಿನಗಳಿಂದ ಮಂಕಾಗಿದ್ದ ಮುಖ ಅರಳಿತ್ತು. ನೋಡಿದವರು ಮನೆಗೆ ಗಂಡಿನ ಕಡೆಯವರು ಬರುತ್ತಿದ್ದಾರೆ ಅಂದುಕೊಳ್ಳಬೇಕು.

"ಹೌದೇನ್ರಿ ಸರ? ಭಾಳ ಚಲೋ ಆತು ಹೇಳಿದ್ದು. ಈಗ ಬರ್ತೀನ್ರಿ," ಎಂದು ಎದ್ದು ಕೈ ತೊಳೆದಳು. ತಾಟಿನಲ್ಲಿ ಬದನೆಕಾಯಿ ಪಲ್ಯ ಹಾಗೇ ಇತ್ತು. "ತಮ್ಮಾ, ಗಾಡಿ ತಗಿ."

"ಹರಕಿ ಇಲ್ದ ಉಳದಾವಂತ?" ಎಂದಳು ಅವ್ವ. ಅವಳ ದನಿಯಲ್ಲಿ ಸಂಶಯವಿತ್ತು. "ಬಂದ ಮ್ಯಾಲೆ ನನಗೂ ಹೇಳವಾ."

ಊರು ದಾಟುತ್ತಲೇ ಬೆನ್ನು ತಟ್ಟುತ್ತಾಳೆಂದು ಗೊತ್ತಿದ್ದರಿಂದ ನಾನೇ ಮೊದಲು ಗಾಡಿ ನಿಲ್ಲಿಸಿದೆ. ಜೋಳದ ಹೊಲದಲ್ಲಿ ಗಾಳಿ ಬೀಸುತ್ತಿತ್ತು. ಅವಳು ಸೆರಗು ಸಿಕ್ಕಿಸಿಕೊಂಡು, ಅಲ್ಲಿ ಏನು ಕಂಡರೆ ತನ್ನ ಹೊಸ ಮಾತು ಬೀಳುತ್ತದೆ ಎಂದು ಒಂದೊಂದು ಶಬ್ದವನ್ನೂ ಬಿಡಿಸಿ ಹೇಳಿದಳು.

"ಕೇಳಿಸ್ತೋ ಇಲ್ಲೋ?" ಎಂದಳು.

"ಕೇಳಿಸ್ತಕ್ಕಾ," ಎಂದೆ. ಅವಳು ಹಿಂದೆ ಹತ್ತಿ ಕುಳಿತು ನನ್ನ ಹೆಗಲು ಹಿಡಿದುಕೊಂಡಳು, ನಾನು ಯಾವಗಲ್ಲಿನ ದಾರಿ ಹಿಡಿದೆ.